ಸಂಜೆ ಐದರ ಹಸಿವಿಗೆ ಕಾರಣ ಬೆಳಗಿನ ತಟ್ಟೆಯಲ್ಲಿದೆ

ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದೇ ಚಪಾತಿ, ಸಂಜೆ ಐದಕ್ಕೆ ತಡೆಯಲಾರದ ಹಸಿವು ಎಂದು ಬರೆದಿದ್ದೀರಿ. ಇದು ಮನೋಬಲದ ಕೊರತೆಯಲ್ಲ, ಪ್ರೋಟೀನಿನ ಕೊರತೆ ಇರಬೇಕು. ಎರಡು ಇಡ್ಲಿಯಲ್ಲಿ ಸಿಗುವುದು ಹೆಚ್ಚೆಂದರೆ 4–5 ಗ್ರಾಂ.

ಮೊದಲು ತಿಂಡಿಯನ್ನು ಸರಿಪಡಿಸಿ. ಇಡ್ಲಿ ಬಿಡಬೇಕಾಗಿಲ್ಲ. ಜೊತೆಗೆ ಬೇಯಿಸಿದ ಎರಡು ಮೊಟ್ಟೆ ಇರಲಿ, ಸುಮಾರು 12 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನದಿದ್ದರೆ 50 ಗ್ರಾಂ ಹೆಸರುಕಾಳನ್ನು ಮೊಳಕೆ ಬರಿಸಿ ಉಸಲಿ ಮಾಡಿ, ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಾಯಿಚಟ್ನಿಯ ಬದಲು ಸಾಂಬಾರ್ ಹಾಕಿಕೊಳ್ಳಿ. ಸೌಟು ಎತ್ತಿದಾಗ ಬೇಳೆ ಕಾಣಬೇಕು. ಹೋಟೆಲಿನ ಕೆಂಪು ನೀರು ಲೆಕ್ಕಕ್ಕಿಲ್ಲ.

ನಾಲ್ಕೈದು ದಿನ ಇಷ್ಟನ್ನೇ ಮಾಡಿ ನೋಡಿ. ಆಮೇಲೆ ಮಧ್ಯಾಹ್ನಕ್ಕೆ ಬನ್ನಿ: ಚಪಾತಿ ಎರಡಾಗಲಿ, ಅದಕ್ಕೂ ಮೊದಲು ಒಂದು ಬಟ್ಟಲು ಕೋಸಂಬರಿ ಅಥವಾ ಸೊಪ್ಪಿನ ಪಲ್ಯ.

ಸಂಜೆ ಹಸಿವು ಏರುವ ಮುನ್ನ, ನಾಲ್ಕೂವರೆಗೇ, ಒಂದು ಹಿಡಿ ಹುರಿಗಡಲೆ ತಿನ್ನಿ. ನಾನು ಅದನ್ನು ಕಚೇರಿಯ ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತಿದ್ದೆ. ಮಿಕ್ಸ್ಚರ್ ಪೊಟ್ಟಣಕ್ಕಾದರೆ ಎದ್ದು ಹೋಗಬೇಕಿತ್ತು; ಆ ಸೋಮಾರಿತನ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ನಿದ್ದೆಯ ಬಗ್ಗೆ ನೀವು ಬರೆದಿಲ್ಲ. ಐದು ಗಂಟೆಯಷ್ಟೇ ಮಲಗುತ್ತಿದ್ದರೆ ಅದೂ ಹಸಿವನ್ನು ಕೆರಳಿಸುತ್ತದೆ.

ಎರಡು ವಾರದಲ್ಲಿ ಹಸಿವು ಇಳಿಯದಿದ್ದರೆ, ಅಥವಾ ಅದರ ಜೊತೆಗೆ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಕಾಯಬೇಡಿ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಈಗಾಗಲೇ ಮಧುಮೇಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮೊದಲೇ ವೈದ್ಯರನ್ನು ಕೇಳಿ.