ಕಾಳಿ ಸೇತುವೆಯ ಆಚೆ ಕೆಲಸವೋ, ಈಚೆಯೋ?

ಕಾರವಾರದ ಮಕ್ಕಳು ಕೆಲಸದ ಸಂದರ್ಶನಕ್ಕೆ ಕನ್ನಡದಲ್ಲಿ ಸಿದ್ಧರಾಗುತ್ತಾರೋ, ಕೊಂಕಣಿಯಲ್ಲೋ ಎಂದು ಕೇಳಿದ್ದೀರಿ. ಕೆಲಸ ಯಾವ ದಿಕ್ಕಿನಲ್ಲಿದೆ ಎನ್ನುವುದರ ಮೇಲೆ ಅದು ನಿಂತಿದೆ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. ಅಲ್ಲಿನ ಖಾಸಗಿ ಕಂಪನಿಗಳಲ್ಲಿ ಕೊಂಕಣಿ, ಹಿಂದಿ, ಇಂಗ್ಲಿಷ್ ನಡೆಯುತ್ತದೆ. ಗೋವಾ ಸರಕಾರದ ನೌಕರಿಗೆ ಮಾತ್ರ ಕೊಂಕಣಿ ಬಂದರೆ ಸಾಲದು, ಅಲ್ಲಿ 15 ವರ್ಷ ವಾಸವಿದ್ದ ಪ್ರಮಾಣಪತ್ರವೂ ಬೇಕು. ಈಚೆ ಕೈಗಾ ಅಣುವಿದ್ಯುತ್ ಸ್ಥಾವರ, ಅರಗಾದ ನೌಕಾನೆಲೆ ಇವೆಯಲ್ಲ ಎನ್ನುತ್ತೀರಿ. ಅವು ಕೇಂದ್ರ ಸರಕಾರದವು. 2016ರ ಜನವರಿಯಿಂದ ಅದರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವೇ ಇಲ್ಲ, ಪರೀಕ್ಷೆಯೇ ಎಲ್ಲ. ಹಾಗಾಗಿ ನಮ್ಮವರ ಪಾಲಿಗೆ ಸಂದರ್ಶನವೆಂದರೆ ಹೆಚ್ಚಾಗಿ ಖಾಸಗಿ ಕಂಪನಿ, ಆಸ್ಪತ್ರೆ, ಸಹಕಾರಿ ಸಂಘ.

ನಮ್ಮಲ್ಲಿ ಅನೇಕರ ಮನೆಮಾತು ಕೊಂಕಣಿ, ಕನ್ನಡ ಬಂದದ್ದು ಶಾಲೆಯಲ್ಲಿ. ಆದರೂ ಓದು, ಅರ್ಜಿ, ಪತ್ರಿಕೆ ಎಲ್ಲವೂ ಅದರಲ್ಲೇ. ಗೋವಾದವರು ದೇವನಾಗರಿಯಲ್ಲಿ ಬರೆಯುವ ಕೊಂಕಣಿಯನ್ನು ಕೂಡ ನಾವು ಕನ್ನಡ ಅಕ್ಷರಗಳಲ್ಲೇ ಬರೆಯುತ್ತೇವೆ. ತೊಡಕಾಗುವುದು ಬೇರೆ ಕಡೆ. ಅಜ್ಜಿಗೂ ಅಮ್ಮನಿಗೂ ಕೊಂಕಣಿಯ 'ತೂಂ' (ನೀನು) ಎನ್ನುವ ಮನೆಯಲ್ಲಿ ಬೆಳೆದವರು ಗಾಬರಿಯಲ್ಲಿ ಅಧಿಕಾರಿಗೆ 'ನೀನು' ಎಂದುಬಿಡುತ್ತಾರೆ. ಅದು ಸೊಕ್ಕಲ್ಲ, ದಯವಿಟ್ಟು ತಿಳಿದುಕೊಳ್ಳಿ. 'ನೀವು' ನಾಲಿಗೆಗೆ ಹತ್ತುವವರೆಗೆ ನಾನು ಅವರಿಂದ ಹೇಳಿಸುತ್ತೇನೆ.

ಇನ್ನೊಂದು ತೊಡಕು 'ನಿಮ್ಮ ಬಗ್ಗೆ ಹೇಳಿ' ಎಂಬ ಪ್ರಶ್ನೆ. ಕಳೆದ ಜುಲೈನಲ್ಲಿ ಬೈತಖೋಲ್ ಬಂದರಿನ ಕಡೆಯ ಹುಡುಗಿಯೊಬ್ಬಳು ತಯಾರಿಗೆಂದು ನನ್ನ ಬಳಿ ಬಂದಿದ್ದಳು. ಬಿ.ಕಾಂ. ಮುಗಿದಿತ್ತು, ಗೋವಾದ ಮಡಗಾಂವದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನ. 'ಪುಸ್ತಕ ಓದುವುದು ನನ್ನ ಹವ್ಯಾಸ' ಎಂದು ಬಾಯಿಪಾಠ ಒಪ್ಪಿಸಿದಳು. ಮುಖದಲ್ಲಿ ಜೀವವೇ ಇರಲಿಲ್ಲ. ದಿನವೂ ಏನು ಮಾಡುತ್ತೀಯಮ್ಮ ಎಂದು ಕೊಂಕಣಿಯಲ್ಲಿ ಕೇಳಿದೆ. ಚೀಲದಿಂದ ಒಂದು ಉದ್ದನೆಯ ನೋಟುಪುಸ್ತಕ ತೆಗೆದಳು. ರಟ್ಟಿಗೆ ಮೀನಿನ ವಾಸನೆ, ಅಂಚೆಲ್ಲ ಉಪ್ಪುನೀರಿಗೆ ಉಬ್ಬಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಲ್ಲವೇ, ಅಪ್ಪನ ದೋಣಿಯ ಇಡೀ ವರ್ಷದ ಲೆಕ್ಕವನ್ನು ಅವಳು ಆಗ ಮುಗಿಸುತ್ತಾಳೆ. ಡೀಸೆಲ್, ಮಂಜುಗಡ್ಡೆ, ಅಕ್ಕಿಯ ಖರ್ಚು ಕಳೆದು, ಮಾಲಕನಿಗೆಷ್ಟು, ಪ್ರತಿ ಆಳಿನ ಪಾಲು ಎಷ್ಟು, ಮುಂಗಡ ಪಡೆದವನಿಗೆ ಎಷ್ಟು ಮುರಿಯಬೇಕು, ಎಲ್ಲವೂ ಅಚ್ಚುಕಟ್ಟಾಗಿ ಕಂಬಸಾಲಿನಲ್ಲಿ. ಇಂಥ ಹುಡುಗಿ ತನಗೆ ಅನುಭವವಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದಳು! ನನಗೆ ಸಂಕಟವಾಯಿತು.

ಆ ಲೆಕ್ಕದ ಕೆಲಸವನ್ನೇ ಮೊದಲು ಕೊಂಕಣಿಯಲ್ಲಿ, ಆಮೇಲೆ ಕನ್ನಡದಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳಿಸಿದೆ. ಮೂರು ಸಂಜೆ ಹಿಡಿಯಿತು.

ಉಳಿದ ತಯಾರಿ ಮಳೆಯದು. ಅಂಕಪಟ್ಟಿಗಳಿಗೆ ಎರಡು ಪದರ ಪ್ಲಾಸ್ಟಿಕ್, ಚೀಲದಲ್ಲಿ ಒಣ ಚಪ್ಪಲಿ. ರೈಲು ನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ಹಾಗಾಗಿ ಹಿಂದಿನ ದಿನವೇ ಸಂಬಂಧಿಕರ ಮನೆ ಸೇರುವುದು ವಾಡಿಕೆ. ಅವಳು ಗೋವಾದ ಕಾಣಕೋಣದಲ್ಲಿ ಮೌಶಿಯ (ತಾಯಿಯ ತಂಗಿಯ) ಮನೆಯಲ್ಲಿ ಉಳಿದಳು.

ಮರುದಿನ ಮಧ್ಯಾಹ್ನ ಅವಳ ಫೋನು ಬಂತು. ಸಂದರ್ಶನದಲ್ಲಿ, ಕರಗಿಹೋದ ಮಂಜುಗಡ್ಡೆಯನ್ನು ಯಾವ ಲೆಕ್ಕಕ್ಕೆ ಹಾಕುತ್ತೀಯೆಂದು ಕೇಳಿದರಂತೆ. ಅರ್ಧ ಗಂಟೆ ದೋಣಿಯ ಮಾತೇ ನಡೆಯಿತಂತೆ, ಕೊಂಕಣಿಯಲ್ಲಿ.