ವಿದೇಶಿಯರು ಬಂದರೆ ಸ್ಥಳೀಯ ಸಂಸ್ಕೃತಿ ಬದಲಾಗುತ್ತಾ?

ಕೆಲಸಕ್ಕೆಂದು ಎರಡು-ಮೂರು ವರ್ಷ ಬಂದು ಹೋಗುವ ವಿದೇಶಿಯರಿಂದ ಸ್ಥಳೀಯ ಸಂಸ್ಕೃತಿ ಬದಲಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಬದಲಾಗುತ್ತದೆ. ಆದರೆ ಹಬ್ಬ, ಉಡುಪು ಬದಲಾಗಿಬಿಡುತ್ತವೆ ಅಂತ ನೀವು ಭಯಪಟ್ಟಿದ್ದೀರಲ್ಲ, ಅವು ಅಷ್ಟು ಬೇಗ ಅಲುಗಾಡುವುದಿಲ್ಲ. ಮೊದಲು ಬದಲಾಗುವುದು ಮಾತು. ಹತ್ತು ಜನರ ಮೀಟಿಂಗ್‌ನಲ್ಲಿ ಒಬ್ಬರಿಗೆ ಅಲ್ಲಿನ ಭಾಷೆ ಬರದಿದ್ದರೆ ಉಳಿದ ಒಂಬತ್ತೂ ಜನ ಇಂಗ್ಲಿಷ್‌ಗೆ ಹೊರಳುತ್ತಾರೆ. ಆ ಒಬ್ಬರು ವಾಪಸ್ ಹೋದ ಮೇಲೂ ಎಷ್ಟೋ ಕಡೆ ಅದೇ ರೂಢಿ ಉಳಿದುಬಿಡುತ್ತದೆ, ಅಲ್ವಾ? ಯಾರೂ ಬಲವಂತ ಮಾಡಿರುವುದಿಲ್ಲ.

ಆಮೇಲೆ ಬಾಡಿಗೆ. ಕಂಪನಿಯೇ ಬಾಡಿಗೆ ಕಟ್ಟುವಂಥವರು ಸಿಕ್ಕರೆ ಮನೆ ಮಾಲೀಕರು ಅವರಿಗೇ ಕೊಡುತ್ತಾರೆ, ಹಳೆಯ ನೆರೆಹೊರೆ ಚದುರುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ. ಹಾಡು, ಆಚರಣೆ ಉಳಿಯುವುದು ಅಕ್ಕಪಕ್ಕದವರ ಒಡನಾಟದಿಂದ.

ಹಾಗಂತ ಬದಲಾವಣೆ ಒಂದೇ ಕಡೆ ಆಗಬೇಕೆಂದಿಲ್ಲ. ಎರಡು ಗುಂಪುಗಳು ಸತತವಾಗಿ, ನೇರವಾಗಿ ಬೆರೆತರೆ ಒಂದು ಕಡೆಯವರೂ ಬದಲಾಗಬಹುದು, ಇಬ್ಬರೂ ಬದಲಾಗಬಹುದು ಎಂದು 1936ರಲ್ಲೇ ರೆಡ್‌ಫೀಲ್ಡ್, ಲಿಂಟನ್, ಹರ್ಸ್‌ಕೊವಿಟ್ಸ್ ಎಂಬ ಮಾನವಶಾಸ್ತ್ರಜ್ಞರು ವಿವರಿಸಿದ್ದರು. ಬೆರೆಯಬೇಕು, ಅಷ್ಟೇ. ವಿದೇಶಿಯರು ತಮ್ಮದೇ ಕಾಲೊನಿ, ತಮ್ಮದೇ ಶಾಲೆ ಅಂತ ಇದ್ದುಬಿಟ್ಟರೆ ಏನೂ ಕಲಿಯದೆ ಹೋಗುತ್ತಾರೆ. ನಿಮ್ಮ ವಿದೇಶಿ ಸಹೋದ್ಯೋಗಿ ಕಲಿಯಲು ಮನಸ್ಸು ಮಾಡಿದರೆ, ಸುಮ್ನೆ ಇಂಗ್ಲಿಷ್‌ಗೆ ಹೊರಳಬೇಡಿ. ನಿಧಾನವಾಗಿ ನಿಮ್ಮ ಭಾಷೆಯಲ್ಲೇ ಮಾತಾಡಿ.