ಕೈ ಸೇರಿದ ಪಾಸ್, ಸಿಗದ ಗಜ

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್‌ನ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಪಾಸಿಂಗ್ ಸೊರಗಿದೆ ಎಂಬ ನಮ್ಮ ಲೇಖನದ ಮಾತಿಗೆ ತಾವು ತಕರಾರು ಎತ್ತಿದ್ದೀರಿ. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಪಾಸ್‌ಗಳಲ್ಲಿ ಜೊತೆಗಾರರ ಕೈ ಸೇರಿದವು 2018ರಲ್ಲಿ ಶೇ 66 ಇದ್ದರೆ 2024ರಲ್ಲಿ ಶೇ 67ಕ್ಕೂ ಹೆಚ್ಚು, ಹೀಗಿರುವಾಗ ಸೊರಗಿದ್ದಾದರೂ ಏನು ಎಂಬುದು ತಮ್ಮ ಪ್ರಶ್ನೆ.

ತಮ್ಮ ಅಂಕಿ ಸರಿಯಾಗಿಯೇ ಇದೆ. ಆದರೆ ಎರಡು ಗಜದ ಪಾಸೂ ನಲವತ್ತು ಗಜದ ಪಾಸೂ ಆ ಲೆಕ್ಕದಲ್ಲಿ ಒಂದೇ. 2018ರಲ್ಲಿ ಮಹೋಮ್ಸ್ 580 ಪಾಸ್ ಎಸೆದರು, 2024ರಲ್ಲಿ 581. ಎರಡೂ ಋತುಗಳಲ್ಲಿ ಅವರು ಆಡಿದ್ದು 16 ಪಂದ್ಯ. ಕೈ ಸೇರಿದ ಪಾಸ್‌ಗಳು 383ರಿಂದ 392ಕ್ಕೆ ಏರಿದರೂ ದಕ್ಕಿದ ದೂರ 5,097 ಗಜದಿಂದ 3,928ಕ್ಕೆ ಇಳಿಯಿತು. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವ ಟಚ್‌ಡೌನ್‌ಗಳು 50ರಿಂದ 26ಕ್ಕೆ ಬಂದವು. ಆ ಪಾಸ್‌ಗಳನ್ನು ಹಿಡಿಯುವ ಟ್ರಾವಿಸ್ ಕೆಲ್ಸಿ ಒಬ್ಬರನ್ನೇ ನೋಡಿದರೂ ಸಾಕು: 2018ರಲ್ಲಿ 103 ಕ್ಯಾಚ್‌ಗೆ 1,336 ಗಜ, 2024ರಲ್ಲಿ 97 ಕ್ಯಾಚ್‌ಗೆ 823.

ಪಾಸ್ ಹಿಡಿಯುವ ಮಿಂಚಿನ ವೇಗದ ಆಟಗಾರ ಟೈರೀಕ್ ಹಿಲ್ ಅವರನ್ನು 2022ರ ಮಾರ್ಚ್‌ನಲ್ಲಿ ಮಯಾಮಿ ತಂಡಕ್ಕೆ ಬಿಟ್ಟುಕೊಟ್ಟದ್ದೇ ಇದಕ್ಕೆಲ್ಲ ಕಾರಣ ಎನ್ನುವವರಿದ್ದಾರೆ. ಅವರಿಲ್ಲದ ಮೊದಲ ಋತುವಿನಲ್ಲೇ ಮಹೋಮ್ಸ್ 5,250 ಗಜ, 41 ಟಚ್‌ಡೌನ್ ಗಳಿಸಿದ್ದರಿಂದ ಈ ವಾದ ನನಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಎದುರಾಳಿಗಳು ಇಬ್ಬರು ಸೇಫ್ಟಿಗಳನ್ನು (ರಕ್ಷಣೆಯ ಕೊನೆಯ ಸಾಲಿನ ಆಟಗಾರರನ್ನು) ಬಹಳ ಹಿಂದೆ ನಿಲ್ಲಿಸಿ ಉದ್ದನೆಯ ಪಾಸ್‌ನ ದಾರಿ ಮುಚ್ಚುವುದು ಹಿಲ್ ಇದ್ದಾಗಲೇ ಶುರುವಾಗಿತ್ತು. ಅದಕ್ಕೆ ಕೋಚ್ ಆಂಡಿ ರೀಡ್ ಚಿಕ್ಕ ಪಾಸ್‌ಗಳನ್ನೂ ಆಟಗಾರರ ಅಡ್ಡ ಓಟವನ್ನೂ ಉತ್ತರವಾಗಿ ಕೊಟ್ಟರು. 2023ರ ಫೆಬ್ರವರಿಯಲ್ಲಿ ಈಗಲ್ಸ್ ತಂಡದ ವಿರುದ್ಧ ನಡೆದ ಸೂಪರ್ ಬೌಲ್‌ನ, ಅಂದರೆ ಋತುವಿನ ಫೈನಲ್‌ನ, ಕೊನೆಯ ಕ್ವಾರ್ಟರ್‌ನಲ್ಲಿ, ಟಚ್‌ಡೌನ್ ಗೆರೆಗೆ ಐದು ಗಜ ಉಳಿದಿದ್ದಾಗ, ಕಡೇರಿಯಸ್ ಟೋನಿ ಅಂಚಿನಿಂದ ಒಳಕ್ಕೆ ಓಡಿಬಂದು, ಚೆಂಡು ಮಹೋಮ್ಸ್ ಕೈಗೆ ಬರುವ ಹೊತ್ತಿಗೆ ಸರಕ್ಕನೆ ಬಂದ ದಾರಿಯಲ್ಲೇ ತಿರುಗಿದರು. ಅವರು ಆಚೆ ಬದಿಗೆ ದಾಟುತ್ತಾರೆಂದು ನಂಬಿದ್ದ ರಕ್ಷಣೆ ಅವರನ್ನು ಒಬ್ಬಂಟಿಯಾಗಿ ಬಿಟ್ಟಿತ್ತು; ಪಾಸ್ ಹಿಡಿದು ಅವರು ಟಚ್‌ಡೌನ್ ಮಾಡಿದರು. ಕೆಲವೇ ನಿಮಿಷಗಳಲ್ಲಿ ಅದೇ ತಂತ್ರವನ್ನು ಎಡಬಲ ಬದಲಿಸಿ ಸ್ಕೈ ಮೂರ್ ಇನ್ನೊಂದು ಟಚ್‌ಡೌನ್ ಮಾಡಿದರು. ಚೀಫ್ಸ್ 38-35ರಿಂದ ಗೆದ್ದಿತು.

ಇಂಥ ಜಾಣತನ ಗೆರೆಯ ಹತ್ತಿರ ಫಲಿಸುತ್ತದೆ. ಇಡೀ ಮೈದಾನವನ್ನು ಅದರಿಂದಲೇ ದಾಟುವುದು ಕಷ್ಟ. 2024ರಲ್ಲಿ ಪಾಸ್ ಹಿಡಿಯುವ ರಾಶೀ ರೈಸ್ ಗಾಯಗೊಂಡು ಋತುವಿನ ಆರಂಭದಲ್ಲೇ ಹೊರಬಿದ್ದರು; ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿಯ ಐವರಲ್ಲಿ ಎಡ ಅಂಚಿನ ಟ್ಯಾಕಲ್ ಜಾಗಕ್ಕೆ ಸರಿಯಾದವರು ಸಿಗದೆ, ಗಾರ್ಡ್ ಆಗಿದ್ದ ಜೋ ಥೂನಿಯನ್ನೇ ಅಲ್ಲಿಗೆ ಸರಿಸಬೇಕಾಯಿತು. ಉದ್ದನೆಯ ಪಾಸ್‌ಗೆ ಕಾಲಾವಕಾಶ ಬೇಕು, ಆ ಕಾಲಾವಕಾಶವನ್ನು ಕೊಡಬೇಕಾದವರು ಮುಂಚೂಣಿಯ ಈ ಐವರೇ.

ಹಾಗಾಗಿ ಕುಸಿತದ ದೊಡ್ಡ ಪಾಲನ್ನು ಮಹೋಮ್ಸ್ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಎದುರಾಳಿಯ ಕೈ ಸೇರಿದ ಪಾಸ್‌ಗಳು (ಇಂಟರ್‌ಸೆಪ್ಷನ್) 2018ರಲ್ಲಿ 12, 2024ರಲ್ಲಿ 11. 2025ರ ಸೂಪರ್ ಬೌಲ್‌ನಲ್ಲಿ ಅದೇ ಈಗಲ್ಸ್ ಒಂದು ಸಲವೂ ಬ್ಲಿಟ್ಜ್ ಮಾಡದೆ, ಅಂದರೆ ಹೆಚ್ಚುವರಿ ಆಟಗಾರರನ್ನು ಮಹೋಮ್ಸ್ ಮೇಲೆ ನುಗ್ಗಿಸದೆ, ನಾಲ್ವರು ದಾಳಿಗಾರರಿಂದಲೇ ಅವರನ್ನು ಆರು ಬಾರಿ ಕೆಡವಿತು. ಮಿಕ್ಕ ಏಳು ಮಂದಿಯೂ ಪಾಸ್ ತಡೆಯಲು ಹಿಂದೆ ನಿಂತಿದ್ದರು. ಅರ್ಧ ಪಂದ್ಯ ಮುಗಿದಾಗ ಮಹೋಮ್ಸ್ ಪಾಸ್‌ಗಳಿಂದ ಬಂದದ್ದು 33 ಗಜ, ಅಂಕಪಟ್ಟಿಯಲ್ಲಿ ಚೀಫ್ಸ್ 0-24ರಿಂದ ಹಿಂದಿತ್ತು.

– ಸಂಪಾದಕ